ಮರದ ಸ್ಕೀಗೆ ಉಕ್ಕಿನ ಅಂಚು

ಸಾಲ್ಜ್‌ಬರ್ಗ್‌ನ ಬಾಡಿಗೆಮನೆಯ ನೆಲಮಾಳಿಗೆಯಲ್ಲಿ ಸ್ಕೀ ಅಂಚಿಗೆ ಅರ ಹಾಕುವಾಗೆಲ್ಲ ನನಗೆ ರುಡಾಲ್ಫ್ ಲೆಟ್ನರ್ ನೆನಪಾಗುತ್ತಾನೆ. ಮೊದಲೆಲ್ಲ ಸ್ಕೀ ಎಂದರೆ ಬರೀ ಮರ. ಗಟ್ಟಿ ಹಿಮದಲ್ಲಿ ಅಂಚು ಸವೆದು ದುಂಡಾಗಿ, ಹಿಡಿತವೇ ಸಿಗುತ್ತಿರಲಿಲ್ಲ. 1920ರ ದಶಕದಲ್ಲಿ ಇದೇ ಸೀಮೆಯ ಲೆಟ್ನರ್ ಅಂಚಿಗೆ ಉಕ್ಕಿನ ಪಟ್ಟಿಗಳನ್ನು ತಿರುಪಿನಿಂದ ಬಿಗಿದ. ಉದ್ದನೆಯ ಒಂದೇ ಪಟ್ಟಿಯಲ್ಲ, ತುಂಡುತುಂಡು. ಮರ ಬಾಗಬೇಕಲ್ಲ! ತಿರುಪು ಸಡಿಲಾಗಿ ತುಂಡುಗಳು ಕಿತ್ತುಬರುತ್ತಿದ್ದವು. ಬಿಡಿ ತುಂಡು, ತಿರುಪುಳಿ ಹೊತ್ತೇ ಜನ ಬೆಟ್ಟ ಹತ್ತುತ್ತಿದ್ದರು.

ಉಕ್ಕು ಬಂತು, ಅಂಚನ್ನು ಯಾವ ಕೋನಕ್ಕೆ ಮಸೆಯಬೇಕೆಂಬ ಜಗಳವೂ ಬಂತು. ಈಗ ಮಂಜುಗಟ್ಟಿದ ರೇಸ್ ಇಳಿಜಾರಿಗೆ ಪಕ್ಕದಲ್ಲಿ 3 ಡಿಗ್ರಿ, ತಳದಲ್ಲಿ ಅರ್ಧ ಡಿಗ್ರಿ ಮಸೆಯುತ್ತಾರೆ. ಮೆದು ಹಿಮಕ್ಕೆ ಎರಡೂ ಕಡೆ 1 ಸಾಕು. ಮಲೆನಾಡಿನ ನನ್ನಜ್ಜನಿಗಿದ್ದ ಕತ್ತಿ ಮಸೆಯುವ ಹುಚ್ಚು ನನಗೂ ಇದೆ: ಮೊದಲ ಚಳಿಗಾಲ 3ಕ್ಕೆ ಮಸೆದು, ಮೆದು ಹಿಮದಲ್ಲಿ ಅಂಚು ಕಚ್ಚಿ, ಮುಖ ಅಡಿಯಾಗಿ ಬಿದ್ದೆ.