ಹದಿನೇಳನೇ ಕಂತಿನ ಜಗಳ

ಪದ ಹಾಡುವವನಿಗೆ ಒಂದು ಅಂಜಿಕೆ ಯಾವತ್ತೂ ಇರ್ತದ. ರಾತ್ರಿಯೆಲ್ಲ ಕೂತು ಕೇಳಿದ ಮಂದಿ ಬೆಳಗು ಹರಿಯುವಾಗ ‘ಇಷ್ಟಕ್ಕ ನಮ್ಮನ್ನ ಕೂಡ್ರಿಸಿದ್ಯೇನೋ?’ ಅಂತ ಕೇಳಿಬಿಟ್ಟರ ಏನು ಮಾಡೋದು ಅಂತ. 1968ರಲ್ಲಿ ಇಂಗ್ಲೆಂಡಿನಾಗ ಒಬ್ಬ ನಟನಿಗೆ ಈ ಅಂಜಿಕೆ ಖರೇ ಆಯ್ತು. ಅವನ ಹೆಸರು ಪ್ಯಾಟ್ರಿಕ್ ಮೆಕ್‌ಗೂಹನ್. ಅವನು ಮಾಡಿದ ಟಿ.ವಿ. ಧಾರಾವಾಹಿ ‘ದಿ ಪ್ರಿಸನರ್’, ಅಂದ್ರ ಕೈದಿ. ಅದರ ಕೊನೆಯ ಕಂತು ನೋಡಿ ಆ ದೇಶದ ಮಂದಿ ಯಾಕ ಅಷ್ಟು ಸಿಟ್ಟಾದರು, ಐವತ್ತು ವರ್ಷ ದಾಟಿದರೂ ಆ ಜಗಳ ಯಾಕ ಮುಗಿದಿಲ್ಲ ಅನ್ನೋದನ್ನು ಇಲ್ಲಿ ಬರೆಯುತ್ತೇನೆ.

ನನಗೆ ಇಂಗ್ಲಿಷ್ ಬರುವುದಿಲ್ಲ. ಹೋದ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ನಮ್ಮ ಮಾಸ್ತರರೊಬ್ಬರು ವಾಚನಾಲಯದ ಗೋಡೆಗೆ ಬಿಳಿ ಅರಿವಿ ಕಟ್ಟಿ ಹದಿನೇಳೂ ಕಂತು ತೋರಿಸಿದರು. ನಡುನಡುವೆ ನಿಲ್ಲಿಸಿ ಅರ್ಥ ಹೇಳಿದರು. ಹಿಂದಿನ ಇತಿಹಾಸವನ್ನೂ ಅವರೇ ಓದಿ ಹೇಳಿದ್ದು. ನೋಡಿದ ಕಣ್ಣು ಮಾತ್ರ ನನ್ನದು.

ಕಥೆ ಹೀಗದ. ಲಂಡನ್ನಿನ ಒಬ್ಬ ಸರಕಾರಿ ಬೇಹುಗಾರ ಒಂದು ದಿನ ಸಿಟ್ಟಿನಿಂದ ಸಾಹೇಬನ ಮೇಜಿನ ಮೇಲೆ ರಾಜೀನಾಮೆ ಒಗೆದು ತನ್ನ ಸಣ್ಣ ಕಾರಿನಾಗ ಮನೆಗೆ ಬರುತ್ತಾನೆ. ಪೆಟ್ಟಿಗೆ ತುಂಬುತ್ತಿರುವಾಗ ಕೀಲಿಯ ಕಿಂಡಿಯಿಂದ ಹೊಗೆ ಬಿಟ್ಟು ಅವನ ಎಚ್ಚರ ತಪ್ಪಿಸುತ್ತಾರೆ. ಕಣ್ಣು ತೆರೆದರ ಸಮುದ್ರದ ದಂಡೆಯ ಒಂದು ಚಂದದ ಊರು. ಅದಕ್ಕ ಹೆಸರಿಲ್ಲ, ಬರೇ ‘ಹಳ್ಳಿ’ ಅಂತಾರ. ಅಲ್ಲಿಯ ಮಂದಿಗೂ ಹೆಸರಿಲ್ಲ, ನಂಬರು ಅಷ್ಟೇ. ಇವನು ಆರು. ಊರು ನಡೆಸುವವನು ಎರಡು. ಹೆಚ್ಚುಕಡಿಮೆ ಪ್ರತಿ ಕಂತಿಗೆ ಹೊಸ ಎರಡು ಬರುತ್ತಾನೆ, ಕೆಲವು ಸಲ ಹೆಣ್ಣುಮಗಳು ಬರುತ್ತಾಳೆ. ಎಲ್ಲರೂ ಕೇಳುವುದು ಒಂದೇ ಮಾತು: ಕೆಲಸ ಯಾಕ ಬಿಟ್ಟಿ? ಇವನು ಹೇಳುವುದಿಲ್ಲ. ತಪ್ಪಿಸಿಕೊಂಡು ನೀರಿಗೆ ಬಿದ್ದರ ಆಳೆತ್ತರಕ್ಕೂ ಮಿಗಿಲಾದ ಬಿಳಿ ಬಲೂನು ಗುಡುಗುತ್ತ ಬಂದು ಮುಖಕ್ಕ ಕವಚಿಕೊಳ್ತದ. ಮೊದಲು ಇದಕ್ಕೆಂದು ಗಾಲಿಯ ಯಂತ್ರವೊಂದನ್ನು ಕಟ್ಟಿದ್ದರಂತ. ಅದು ಕೆಲಸಕ್ಕ ಬರಲಿಲ್ಲ, ಹವಾಮಾನದವರು ಆಕಾಶಕ್ಕ ಬಿಡುವ ಬಲೂನನ್ನೇ ತಂದು ಹಚ್ಚಿದರು. ಖರೇ ಹೇಳಬೇಕಂದ್ರ ಅದನ್ನು ನೋಡಿ ನನಗೆ ಮೊದಲು ನಗು ಬಂತು. ಮೂರನೇ ಕಂತಿಗೆ ನಗು ನಿಂತಿತು.

ಆ ಹಳ್ಳಿ ಖರೇನ ಇರುವ ಊರು. ವೇಲ್ಸ್ ಸೀಮೆಯಲ್ಲಿ ಪೋರ್ಟ್‌ಮೇರಿಯನ್ ಅಂತ. ಕ್ಲಫ್ ವಿಲಿಯಮ್ಸ್-ಎಲಿಸ್ ಅನ್ನುವ ಮನೆ ಕಟ್ಟಿಸುವ ಶಾಸ್ತ್ರ ಬಲ್ಲವನೊಬ್ಬ 1925ರಿಂದ ಐವತ್ತು ವರ್ಷ ಹಟ ಹಿಡಿದು, ಇಟಲಿ ದೇಶದ ಊರಿನ ಧಾಟಿಯಲ್ಲಿ ಕಟ್ಟಿದ್ದು. 1966ರ ಸಪ್ಟೆಂಬರಿನಾಗ ಅಲ್ಲಿ ಚಿತ್ರೀಕರಣ ಸುರುವಾಯ್ತು. ಜಾಗ ಯಾವುದು ಅನ್ನೋದನ್ನು ಕೊನೆಯ ಕಂತಿನವರೆಗೂ ಪರದೆಯ ಮೇಲೆ ತೋರಿಸಲಿಲ್ಲ.

ಮೆಕ್‌ಗೂಹನ್ ಇದಕ್ಕಿಂತ ಮೊದಲು ‘ಡೇಂಜರ್ ಮ್ಯಾನ್’ ಅನ್ನುವ ಧಾರಾವಾಹಿಯಲ್ಲಿ ಜಾನ್ ಡ್ರೇಕ್ ಅನ್ನುವ ಬೇಹುಗಾರನಾಗಿ ಹೆಸರು ಮಾಡಿದ್ದ. ಹಂಗಾಗಿ ಈ ಕೈದಿ ಅದೇ ಡ್ರೇಕನೋ ಬೇರೆಯವನೋ ಅಂತ ನೋಡುವವರ ಮೊದಲ ಜಗಳ ಅಲ್ಲಿಂದಲೇ ಹತ್ತಿತು. ಕಥೆಗಳ ಮೇಲ್ವಿಚಾರಣೆ ನೋಡುತ್ತಿದ್ದ ಜಾರ್ಜ್ ಮಾರ್ಕ್‌ಸ್ಟೀನ್ ‘ಅವನೇ’ ಅಂದ. ಮೆಕ್‌ಗೂಹನ್ ‘ಅಲ್ಲ’ ಅಂದ. ಎರಡನೇ ಮಹಾಯುದ್ಧದಾಗ ಸ್ಕಾಟ್ಲೆಂಡಿನ ಇನ್ವರ್‌ಲೇರ್ ಅನ್ನುವಲ್ಲಿ, ಗುಟ್ಟು ಗೊತ್ತಿದ್ದು ಕೆಲಸಕ್ಕ ಬಾರದೆ ಹೋದವರನ್ನು ಸರಕಾರ ಒಂದು ಬಂಗಲೆಯಲ್ಲಿ ಇಟ್ಟಿತ್ತು. ಅದನ್ನು ತಿಳಿದು ಮಾರ್ಕ್‌ಸ್ಟೀನ್ ಈ ಕಥೆಯ ಬೀಜ ಹಾಕಿದ್ದು. ಅವನಿಗೆ ಇದು ಬೇಹುಗಾರರ ಕಥೆ, ಮೆಕ್‌ಗೂಹನ್‌ಗೆ ಇದು ಮನುಷ್ಯನ ಕಥೆ. ಇಬ್ಬರಿಗೂ ಕೂಡಲಿಲ್ಲ. ಧಾರಾವಾಹಿ ಮುಗಿಯುವ ಮೊದಲೇ ಮಾರ್ಕ್‌ಸ್ಟೀನ್ ಬಿಟ್ಟು ಹೋದ. ಇದನ್ನು ನೆನಪಿಡಿರಿ.

ಈಗ ನೋಡುವ ಮಂದಿಯ ಕಡೆ ಬರೋಣ. 1967ರ ಸಪ್ಟೆಂಬರ್ ಕೊನೆಗೆ ಇದು ಬ್ರಿಟನ್ನಿನ ಐ.ಟಿ.ವಿ.ಯಲ್ಲಿ ಸುರುವಾಯ್ತು. ವಾರಕ್ಕೆ ಒಂದೇ ಕಂತು. ಬಣ್ಣದಾಗ ತೆಗೆದಿದ್ದರೂ ಆಗ ಐ.ಟಿ.ವಿ.ಗೆ ಬಣ್ಣ ಬಂದಿರಲಿಲ್ಲ, ಮಂದಿ ನೋಡಿದ್ದು ಕಪ್ಪು-ಬಿಳುಪು. ಮನೆಯಲ್ಲಿ ಹಿಡಿದಿಟ್ಟು ಮತ್ತ ನೋಡುವ ಯಂತ್ರ ಇರಲಿಲ್ಲ. ಒಂದು ವಾರ ತಪ್ಪಿದರ ತಪ್ಪಿತು. (ನಮ್ಮ ದೇಶದಾಗ ಆಗ ಟಿ.ವಿ. ದಿಲ್ಲಿಯೊಳಗ ಮಾತ್ರ. ಮುಂಬೈಗೇ ಬಂದದ್ದು 1972ರಲ್ಲಿ.) ನಾಲ್ಕು ತಿಂಗಳ ಮೇಲೆ ಮಂದಿ ಹೀಗೆ ವಾರಕ್ಕೊಮ್ಮೆ ಕಾಯ್ದು ಕಾಯ್ದು ನೋಡಿದರು. ನಡುವೆ ಒಂದು ಕಂತಿನಾಗ ಮೆಕ್‌ಗೂಹನ್ ಬೇರೆ ಪಿಚ್ಚರಿಗೆ ಅಮೆರಿಕಕ್ಕೆ ಹೋಗಿದ್ದರಿಂದ ಕೈದಿಯ ಮನಸ್ಸನ್ನು ಬೇರೊಬ್ಬನ ಮೈಯೊಳಗ ಹಾಕಿದಂಗ ತೋರಿಸಿ ದಿನ ತಳ್ಳಿದರು. ನಮ್ಮ ಪರಕಾಯ ಪ್ರವೇಶದ ಕಥೆ. ಆ ಕಂತನ್ನು ಬ್ಯಾಸರ ಅಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೂ ಮಂದಿ ಬಿಡಲಿಲ್ಲ. ಯಾಕಂದ್ರ ಮೂರು ಗಂಟು ಬಿಚ್ಚಬೇಕಿತ್ತು: ಆ ಹಳ್ಳಿ ಯಾವ ದೇಶದವರದು? ಇವನು ಕೆಲಸ ಯಾಕ ಬಿಟ್ಟ? ಎರಡರ ಮೇಲೆ ಇರುವ ಆ ಒಂದು ಯಾರು?

ಮಂದಿಯ ಮನಸ್ಸಿನಾಗ ಉತ್ತರ ತಯಾರೇ ಇತ್ತು. ಅದೇ 1967ರಲ್ಲಿ ‘ಯೂ ಓನ್ಲಿ ಲಿವ್ ಟ್ವೈಸ್’ ಅನ್ನುವ ಜೇಮ್ಸ್ ಬಾಂಡ್ ಪಿಚ್ಚರ್ ಬಂದಿತ್ತು. ಬಾಂಡ್ ಪಿಚ್ಚರಿನ ಖಳನಾಯಕನಿಗೂ ‘ನಂಬರ್ ಒನ್’ ಅಂತಲೇ ಹೆಸರು. ಹಿಂದಿನ ಪಿಚ್ಚರುಗಳಲ್ಲಿ ಅವನ ಮುಖ ಮುಚ್ಚಿಟ್ಟು, ಇದರಲ್ಲಿ ತೋರಿಸಿದ್ದರು. ಬೋಳು ತಲೆ, ಮುಖದ ಮೇಲೆ ಗಾಯದ ಕಲೆ, ತೊಡೆಯ ಮೇಲೆ ಬೆಕ್ಕು. ಇಲ್ಲಿಯೂ ಅಂಥವನೇ ಒಬ್ಬ ಬರ್ತಾನ, ನಾಯಕ ಅವನನ್ನು ಬಡೀತಾನ, ಆಮೇಲೆ ಮಲಗೋಣ ಅಂತ ಮಂದಿ ಕೂತರು.

1968ರ ಫೆಬ್ರವರಿ ಮೊದಲಲ್ಲಿ ಹದಿನೇಳನೇ ಕಂತು ಬಂತು. ಹೆಸರು ‘ಫಾಲ್ ಔಟ್’. ಬರೆದವನೂ ನಿರ್ದೇಶನ ಮಾಡಿದವನೂ ಮೆಕ್‌ಗೂಹನ್ನೇ. ಅವಸರದಾಗ ಬರೆದದ್ದು ಅನ್ನೋದು ಕಾಣ್ತದ. ಹದಿನಾರನೇ ಕಂತು ಮೊದಲೇ ತೆಗೆದಿಟ್ಟದ್ದು. ಅದರಲ್ಲಿ ಎರಡನೇ ನಂಬರ್ ಆಗಿದ್ದ ಲಿಯೋ ಮೆಕರ್ನ್‌ಗೆ ದಪ್ಪ ಗಡ್ಡ. ಕೊನೆಯದಕ್ಕೆ ಕರೆಯುವ ಹೊತ್ತಿಗೆ ಅವನು ಬೇರೆ ಪಾತ್ರಕ್ಕೆಂದು ಗಡ್ಡ ಬೋಳಿಸಿದ್ದ. ಅದಕ್ಕ ಸತ್ತವನನ್ನು ಬದುಕಿಸುವ ಮೊದಲು ಮುಖಕ್ಕ ನೊರೆ ಹಚ್ಚಿ ಗಡ್ಡ ತೆಗೆದಂಗ ತೋರಿಸಿದರು. ಬಯಲಾಟದಾಗ ಕಿರೀಟ ಮುರಿದರ ರುಮಾಲು ಸುತ್ತಿ ಆಟ ಮುಂದುವರಿಸ್ತೀವಲ್ಲ, ಹಂಗ.

ನೆಲದೊಳಗಿನ ಗವಿಯಲ್ಲಿ ಒಂದು ಕೋರ್ಟು. ಬಿಳಿ ನಿಲುವಂಗಿ, ಅರ್ಧ ಕಪ್ಪು ಅರ್ಧ ಬಿಳಿ ಮುಖವಾಡ ಹಾಕಿದ ಸದಸ್ಯರು. ಆರನೆಯವನನ್ನು ಸಿಂಹಾಸನದ ಮೇಲೆ ಕೂಡ್ರಿಸಿ ‘ನೀನು ಗೆದ್ದಿ’ ಅಂತಾರ. ಅಲೆಕ್ಸಿಸ್ ಕ್ಯಾನರ್ ಅನ್ನುವ ಹುಡುಗ ನಟ, ಒಣಗಿದ ಎಲುಬು ಒಂದಕ್ಕೊಂದು ಜೋಡಿಸಿಕೊಳ್ಳುವ ಹಳೇ ಭಜನೆಯೊಂದನ್ನು ಹಾಡಲಿಕ್ಕೆ ಹತ್ತಿದ. ಅಮೆರಿಕದ ಕರಿಯ ಮಂದಿಯ ಪದ ಅದು. ಒಬ್ಬ ಎತ್ತಿಕೊಂಡ, ಇನ್ನೊಬ್ಬ ಎತ್ತಿಕೊಂಡ, ಕೊನೆಗೆ ಇಡೀ ಕೋರ್ಟು ಕುಣಿಯಿತು. ಹಾಡುವವನಾಗಿ ಹೇಳ್ತೀನಿ, ಆ ಹತ್ತು ನಿಮಿಷ ನನಗೆ ಮಾಸ್ತರರ ಅರ್ಥ ಬೇಕಾಗಲಿಲ್ಲ.

ಆಮೇಲೆ ಆರನೆಯವನು ಮೆಟ್ಟಿಲು ಹತ್ತಿ ಒಂದನೆಯವನ ಮುಂದೆ ನಿಲ್ಲುತ್ತಾನೆ. ಮುಖವಾಡ ಕೀಳುತ್ತಾನೆ. ಒಳಗೆ ಮಂಗನ ಮುಖ. ಅದನ್ನೂ ಕೀಳುತ್ತಾನೆ. ಒಳಗೆ ತನ್ನದೇ ಮುಖ, ಹುಚ್ಚು ಹಿಡಿದಂಗ ನಗ್ತದ. ನಾನು ಒಂದು ಉಸಿರು ತಗೊಳ್ಳುವುದರೊಳಗ ಅದು ಓಡಿ ಹೋಯ್ತು. ಆಮೇಲೆ ಬೀಟಲ್ಸ್ ಹಾಡುಗಾರರ ಪ್ರೀತಿಯ ಹಾಡು ಹಚ್ಚಿಟ್ಟು ಬಂದೂಕಿನ ಗುಂಡು. ರಾಕೆಟ್ ಹಾರಿತು, ಹಳ್ಳಿ ಖಾಲಿಯಾಯ್ತು. ಆರನೆಯವನು ಗೆಳೆಯರ ಜೊತೆ ಲಾರಿಯ ಮೇಲೆ ಕುಣಿಯುತ್ತ ಲಂಡನ್ನಿಗೆ ಬಂದ. ಅವನ ಮನೆಯ ಬಾಗಿಲು ಹಳ್ಳಿಯ ಬಾಗಿಲಿನಂಗ ತಾನಽ ತೆರೆಯಿತು. ಬಾಗಿಲ ಮೇಲಿನ ನಂಬರು ಒಂದು. ಕೊನೆಗೆ ಗುಡುಗಿನ ಸಪ್ಪಳ, ಅವನು ಕಾರು ಓಡಿಸುತ್ತ ಬರುವ ಅದೇ ಮೊದಲನೇ ಚಿತ್ರ. ಮುಗಿಯಿತು.

ಕಂಪನಿಯ ಫೋನುಗಳು ಬಡಿದುಕೊಳ್ಳಲಿಕ್ಕೆ ಹತ್ತಿದವು. ಎಷ್ಟೋ ಮಂದಿಗೆ ಆ ಮುಖ ಯಾರದು ಅಂತಲೇ ತಿಳಿದಿರಲಿಲ್ಲ. ಕಣ್ಣು ಮಿಟುಕಿಸುವುದರೊಳಗ ಹೋಗಿತ್ತು, ಮತ್ತ ನೋಡುವ ದಾರಿ ಇರಲಿಲ್ಲ. ತಿಳಿದವರಿಗೆ ಇನ್ನೂ ಸಿಟ್ಟು. ಮೋಸ ಆಯ್ತು, ನಮ್ಮ ನಾಲ್ಕು ತಿಂಗಳು ಹಾಳಾಯ್ತು ಅಂದರು. ಮಂದಿ ತನ್ನನ್ನು ಹೊಡೆಯಲಿಕ್ಕೇ ಬಂದಂಗ ಆಗಿತ್ತು, ಕೆಲವು ದಿನ ಅಡಗಿಕೊಂಡಿರಬೇಕಾಯ್ತು ಅಂತ ಮೆಕ್‌ಗೂಹನ್ನೇ ಮುಂದೆ 1977ರಲ್ಲಿ ಕೆನಡಾ ದೇಶದ ಟಿ.ವಿ. ಸಂದರ್ಶನದಾಗ ಹೇಳಿದ. ಅವರಿಗೆ ಬಾಂಡ್ ಪಿಚ್ಚರಿನ ಖಳ ಬೇಕಿತ್ತು, ಆದರೆ ಎಲ್ಲಕ್ಕಿಂತ ದೊಡ್ಡ ವೈರಿ ನಮ್ಮೊಳಗೇ ಇರುವವನು ಅನ್ನೋದು ಅವನ ಮಾತು. ಸಿಟ್ಟಾದರೂ ಆಗಲಿ, ಮಂದಿಗೆ ಏನೋ ಒಂದು ತಟ್ಟಿತಲ್ಲ, ಅದೇ ಸಂತೋಷ ಅಂತನೂ ಅಂದ.

ಈ ಮಾತು ಕೇಳಲಿಕ್ಕೆ ಚಂದ ಅದ. ಆದರ ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಯಾಕಂತ ಹೇಳ್ತೀನಿ.

ನಮ್ಮ ಜತ್ತ ಕಡೆ ಹರದೇಶಿ-ನಾಗೇಶಿ ಪದಗಳು ಎಲ್ಲರಿಗೂ ಗೊತ್ತು. ಒಂದು ಮೇಳ ಗಂಡು ಹೆಚ್ಚು ಅಂತದ, ಇನ್ನೊಂದು ಹೆಣ್ಣು ಹೆಚ್ಚು ಅಂತದ, ಸವಾಲು-ಜವಾಬು ಬೆಳಗಿನ ತನಕ. ಮೂವತ್ತು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ನಾಗೇಶಿಯವರು ನನಗೆ ಒಂದು ಸವಾಲು ಹಾಕಿದರು. ನಾನು ಎರಡು ತಾಸು ಸುತ್ತಿಸಿ ಸುತ್ತಿಸಿ ಹಾಡಿ, ಕೊನೆಗೆ ‘ಇದರ ಜವಾಬು ನಿನ್ನ ಮನ್ಯಾಗಽ ಅದ, ಹೋಗಿ ನೋಡು’ ಅಂತ ಮಂಗಳಾರತಿ ಹಾಡಿಬಿಟ್ಟೆ. ಅರ್ಧ ಮಂದಿ ಚಪ್ಪಾಳೆ ತಟ್ಟಿದರು. ದಪ್ಪು ಚೀಲಕ್ಕ ಹಾಕುವಾಗ ಒಬ್ಬ ಮುದುಕ ಬಂದು ಕೈ ಹಿಡಿದ. ‘ತಮ್ಮಾ, ಎರಡು ಹರದಾರಿ ನಡದು ಬಂದೀನಿ. ಇಲ್ಲೇ ಹೇಳಿ ಹೋಗು’ ಅಂದ. ನಾನು ನಕ್ಕು ಅವನನ್ನೂ ಮಾತಿನಾಗ ಸುತ್ತಿಸಿದೆ. ಸಂಗತಿ ಏನಂದ್ರ, ಜವಾಬು ನನಗೆ ಗೊತ್ತಿರಲಿಲ್ಲ. ಆ ಊರಿನವರು ಮುಂದೆ ಮೂರು ವರ್ಷ ನಮ್ಮ ಮೇಳ ಕರೆಯಲಿಲ್ಲ. ಮುದುಕ ನಾಲ್ಕನೇ ವರ್ಷಕ್ಕ ಇರಲಿಲ್ಲ.

ಅದಕ್ಕ ಈ ಕಂತು ನೋಡುವಾಗ ನನ್ನ ಪ್ರಶ್ನೆ ಒಂದೇ ಇತ್ತು: ಇವನಿಗೆ ಉತ್ತರ ಗೊತ್ತಿತ್ತೋ, ಇಲ್ಲಾ ನನ್ನಂಗ ಸುತ್ತಿಸಿದನೋ?

ಗೊತ್ತಿತ್ತು ಅನ್ನುವವರ ಕೈಯಲ್ಲಿ ಒಂದು ಒಳ್ಳೆಯ ಸಾಕ್ಷಿ ಅದ. ಹೆಚ್ಚಿನ ಕಂತುಗಳ ಸುರುವಿಗೆ ಕೈದಿ ‘ಒಂದು ಯಾರು?’ ಅಂತ ಕೇಳುತ್ತಾನೆ. ಎರಡನೆಯವನ ಉತ್ತರ ಇಂಗ್ಲಿಷಿನಾಗ ಎರಡು ನಮೂನಿ ಕೇಳ್ತದ. ಒಂದೇ ಉಸಿರಿಗೆ ಅಂದರ ‘ನೀನು ಆರು’ ಅಂತ ಆಗ್ತದ, ಉತ್ತರ ತಪ್ಪಿಸಿದಂಗ. ನಡುವೆ ಚೂರು ತಡೆದರ ‘ನೀನಽ, ಆರು’ ಅಂತ ಆಗ್ತದ. ಅಂದ್ರ ಒಂದು ಯಾರು ಅನ್ನೋದಕ್ಕ ನೇರ ಜವಾಬು! ಮಂದಿ ತಿಂಗಳುಗಟ್ಟಲೆ ಕಾಯ್ದ ಉತ್ತರ ವಾರವಾರವೂ ಕಿವಿಗೆ ಬೀಳುತ್ತಿತ್ತು ಅಂತ ಇವರ ವಾದ. ತಡೆಯುವ ಜಾಗ ಬದಲಾದರ ಅರ್ಥ ಬದಲಾಗ್ತದ ಅನ್ನೋದು ತತ್ವಪದ ಹಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಮಾಸ್ತರರಿಗೆ ಹೇಳಿ ನಾನು ಆ ಮಾತನ್ನು ನಾಲ್ಕು ಸಲ ಕೇಳಿದೆ. ತಡೆದಂಗೂ ಅನಸ್ತದ, ಇಲ್ಲದಂಗೂ ಅನಸ್ತದ.

ಗೊತ್ತಿರಲಿಲ್ಲ ಅನ್ನುವವರು ಮಾರ್ಕ್‌ಸ್ಟೀನ್ ಬಿಟ್ಟು ಹೋದದ್ದನ್ನು, ಕೊನೆಯ ಅವಸರವನ್ನು, ಆ ಗಡ್ಡವನ್ನು ಮುಂದಿಡುತ್ತಾರೆ. ಹಳ್ಳಿ ಯಾರದು, ಕೆಲಸ ಯಾಕ ಬಿಟ್ಟ ಅನ್ನುವ ಎರಡು ಗಂಟು ಹಂಗೇ ಉಳಿದವಲ್ಲ ಅಂತಾರ. ನನ್ನ ನಿರ್ಣಯ ನಡುವಿನದು. ಮುಖ ಯಾರದು ಅನ್ನೋದು ಅವನಿಗೆ ಗೊತ್ತಿತ್ತು. ಅದು ಕದ್ದ ಉತ್ತರ ಅಲ್ಲ, ಧೈರ್ಯದ ಉತ್ತರ. ಉಳಿದ ಎರಡಕ್ಕ ಅವನಲ್ಲಿ ಜವಾಬು ಇರಲಿಲ್ಲ, ಹಾಡು ಹಚ್ಚಿ ಗುಂಡು ಹಾರಿಸಿ ಮುಚ್ಚಿದ. ಸಿಟ್ಟಾದ ಮಂದಿಯನ್ನು ದಡ್ಡರು ಅನ್ನುವವರ ಜೊತೆ ನಾನಿಲ್ಲ. ಮನಸ್ಸು ಕೊಟ್ಟು ನೋಡಿದವರಿಗೇ ಸಿಟ್ಟು ಬರ್ತದ, ಅರೆನಿದ್ದೆಯಲ್ಲಿ ನೋಡಿದವನು ಫೋನ್ ಮಾಡುವುದಿಲ್ಲ.

ಮೆಕ್‌ಗೂಹನ್ ಇಂಗ್ಲೆಂಡ್ ಬಿಟ್ಟ. ಸ್ವಿಟ್ಜರ್ಲೆಂಡಿಗೆ ಹೋಗಿ ಅಮೆರಿಕ ಸೇರಿದ, 2009ರ ಜನವರಿಯಲ್ಲಿ ಅಲ್ಲೇ ತೀರಿಕೊಂಡ. ಆದರ ನೋಡಿದ ಮಂದಿ ಬಿಡಲಿಲ್ಲ. 1977ರಲ್ಲಿ ‘ಸಿಕ್ಸ್ ಆಫ್ ಒನ್’ ಅಂತ ಒಂದು ಸಂಘ ಕಟ್ಟಿದರು. ಪೋರ್ಟ್‌ಮೇರಿಯನ್‌ನಲ್ಲಿ ಕೂಡಿ, ಕೈದಿಯಂಥ ಅಂಚುಪಟ್ಟಿಯ ಕೋಟು ಹಾಕಿಕೊಂಡು, ಧಾರಾವಾಹಿಯಲ್ಲಿ ಇದ್ದಂಗ ಮನುಷ್ಯರೇ ಕಾಯಿಗಳಾಗಿ ಚದುರಂಗ ಆಡಿದರು. ಹದಿನೇಳು ಕಂತುಗಳನ್ನು ಯಾವ ಕ್ರಮದಾಗ ನೋಡಬೇಕು ಅನ್ನೋದರ ಮೇಲೂ ಅವರಿಗೆ ಒಮ್ಮತ ಇಲ್ಲ. 1983-84ರಲ್ಲಿ ಚಾನೆಲ್ 4ರವರು ಮತ್ತ ತೋರಿಸಿದಾಗ ಬಣ್ಣದ ಟಿ.ವಿ. ಬಂದಿತ್ತು, ಹಿಡಿದಿಡುವ ಯಂತ್ರವೂ ಬಂದಿತ್ತು. ಆ ಮುಖವನ್ನು ನಿಲ್ಲಿಸಿ ನೋಡಬಹುದಾಗಿತ್ತು. ಹೊಸ ಮಂದಿಗೆ ಹಳಬರಷ್ಟು ಸಿಟ್ಟು ಬರಲಿಲ್ಲ. ನಾಲ್ಕು ತಿಂಗಳು ಕಾಯ್ದಿರಲಿಲ್ಲ, ಕೊನೆಯಲ್ಲಿ ಏನೋ ವಿಚಿತ್ರ ಆಗ್ತದ ಅಂತ ಕೇಳಿಯೂ ಇದ್ದರು.

ನಮ್ಮ ವಾಚನಾಲಯದಾಗ ಕೊನೆಯ ಕಂತು ಮುಗಿದಾಗ ರಾತ್ರಿ ಹತ್ತು ಹೊಡೆದಿತ್ತು. ಹದಿನಾಲ್ಕು ಮಂದಿ ಇದ್ದೆವು. ಒಬ್ಬ ‘ಇದೇನ್ರಿ ಮಾಸ್ತರ್, ಹುಚ್ಚರ ಸಂತಿ’ ಅಂತ ಎದ್ದು ಹೋದ. ಇಬ್ಬರು ಆ ಮುಖ ಇವನದಲ್ಲ, ಇವನಂಥವನದು ಅಂತ ಪಂಥ ಕಟ್ಟಿದರು. ಮಾಸ್ತರರು ಹಿಂದಕ್ಕ ಓಡಿಸಿ ನಿಲ್ಲಿಸಿ ತೋರಿಸಿದರೂ ಒಬ್ಬ ಒಪ್ಪಲಿಲ್ಲ. ಎಲ್ಲರ ಗದ್ದಲ ಮುಗಿದ ಮೇಲೆ, ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ನಮ್ಮ ಓಣಿಯ ಅವ್ವ ಕೇಳಿದಳು: ‘ಅದೆಲ್ಲ ಇರಲಿ, ಅವ ನೌಕರಿ ಯಾಕ ಬಿಟ್ಟನೋ?’ ಮಾಸ್ತರರು ನನ್ನ ಮುಖ ನೋಡಿದರು. ನನಗ ಗೊತ್ತಿಲ್ಲವ್ವಾ ಅಂದೆ.