ಕಲ್ಲಿನ ತೇರಿನ ಮೇಲಿದ್ದ ಗೋಪುರ

ಹಂಪೆಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ತೇರನ್ನು ಕಂಡು ಕೈಮುಗಿಯದ ಭಕ್ತರು ಈ ಸೀಮೆಯಲ್ಲಿ ವಿರಳ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರುವವರೆಗೆ ಹಂಪೆಯೊಡನೆ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದರೆ ಗರುಡನ ಗುಡಿಯಾದ ಆ ತೇರಿನ ನೆತ್ತಿಯ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಗೋಪುರವಿತ್ತೆಂಬುದು ಬಹುಜನರಿಗೆ ತಿಳಿಯದು. ಮುಂದೆ ಅದನ್ನು ತೆಗೆದುಹಾಕಲಾಯಿತು. ಅದರ ರೂಪವನ್ನು ಇಂದು ಕಣ್ಣಾರೆ ಕಾಣಲು ಸಾಧ್ಯವಾಗಿರುವುದು ಹಳೆಯ ಛಾಯಾಚಿತ್ರಗಳಿಂದ.

1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಹಂಪೆಯ ಗುಡಿಗೋಪುರಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದನು. ಆಗ ಫಿಲ್ಮ್ ಇರಲಿಲ್ಲ. ಕಾಗದಕ್ಕೆ ಮೇಣ ಹಚ್ಚಿ ಪಾರದರ್ಶಕಗೊಳಿಸಿ, ಬೆಳ್ಳಿಯ ಲವಣಗಳನ್ನು ಲೇಪಿಸಿ, ಒಣಗಿಸಿ ಇಟ್ಟುಕೊಂಡು ಬಳಸುತ್ತಿದ್ದರು. ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟು ಹೊತ್ತು ಅಲುಗದೆ ನಿಲ್ಲುವುದು ಕಲ್ಲಿಗೆ ಮಾತ್ರ ಸುಲಭ! ಅವನ ಸುಮಾರು 60 ನೆಗೆಟಿವ್‌ಗಳು 1980ರ ಸುಮಾರಿಗೆ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಏನು ಉಳಿದಿದೆ, ಏನು ಬಿದ್ದಿದೆ ಎಂಬುದು ಸ್ಪಷ್ಟವಾಗುತ್ತದೆ. ಶಾಸನ ಹೇಳದ ಸಂಗತಿಯನ್ನು ಒಂದು ಕಾಗದದ ಹಾಳೆ ಹೇಳಿತು.

ಹಂಪೆಯ ಭಾಗ್ಯ ಎಲ್ಲ ಊರುಗಳಿಗಿಲ್ಲ. ಊರ ಗುಡಿಯ ಹಳೆಯ ರಥ, ಜೀರ್ಣೋದ್ಧಾರಕ್ಕೆ ಮುಂಚಿನ ಗರ್ಭಗುಡಿ, ಹಿಂದಿನ ಉತ್ಸವಮೂರ್ತಿಯ ಅಲಂಕಾರ ಇವುಗಳ ಸಾಕ್ಷ್ಯವೆಂದರೆ ಮಂಟಪದ ಗೋಡೆಗೆ ಅಥವಾ ಅರ್ಚಕರ ಮನೆಯ ಪಡಸಾಲೆಗೆ ತೂಗುಹಾಕಿದ ಕಪ್ಪುಬಿಳುಪು ಪಟಗಳೇ. ಅವುಗಳನ್ನು ಹಾಳುಮಾಡುವುದು ಅಲಕ್ಷ್ಯವಷ್ಟೇ ಅಲ್ಲ, ಕೆಲವೊಮ್ಮೆ ಭಕ್ತಿಯೂ ಹೌದು. ಪಟಕ್ಕೇ ಹಚ್ಚಿದ ಗಂಧ ಕುಂಕುಮ, ಊದುಬತ್ತಿಯ ಹೊಗೆ, ದೀಪದ ಎಣ್ಣೆಯ ಜಿಡ್ಡು ಚಿತ್ರವನ್ನು ಮಸುಕಾಗಿಸುತ್ತವೆ. ಮಳೆಗಾಲದ ತೇವಕ್ಕೆ ಚಿತ್ರದ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಅದನ್ನು ಕಿತ್ತರೆ ದೇವರ ಮುಖವೇ ಗಾಜಿನೊಡನೆ ಹೋದೀತು. ಹಾಗೆ ಅಂಟಿದ ಪಟವನ್ನು ಗಾಜು ಸಮೇತವೇ ಪ್ರತಿ ತೆಗೆಯುವುದು ಕ್ಷೇಮ. ಲ್ಯಾಮಿನೇಷನ್ ಮಾಡಿಸುವುದಂತೂ ಸಲ್ಲದು. ಒಮ್ಮೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಬಿಡಿಸಲಾಗದು.

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವುದು ಈಗ ಸುಲಭವಾಗಿದೆ. ಬಿರುಕು ಮುಚ್ಚಿಸಿ, ಬಣ್ಣ ತುಂಬಿಸಿ, ಹೊಸ ಚೌಕಟ್ಟು ಹಾಕಿಸುವ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಬೆಳ್ಳಿಯ ಕವಚಕ್ಕೆ ಬಂಗಾರದ ಬಣ್ಣ ಬಳಿದರೆ, ಒಡೆದ ಕಳಶವನ್ನು ನೆಟ್ಟಗೆ ಮಾಡಿದರೆ ಅದು ದುರಸ್ತಿಯಲ್ಲ, ಸುಳ್ಳು ಶಾಸನ. ಆದ್ದರಿಂದ ಮೊದಲು ಕಲೆ, ಬಿರುಕುಗಳಿರುವಂತೆಯೇ ಸ್ಕ್ಯಾನ್ ಮಾಡಿಸಿ, ಎರಡು ಕಡೆ ಕಾದಿಟ್ಟು, ತಿದ್ದುವ ಕೆಲಸವನ್ನು ಬೇರೊಂದು ಪ್ರತಿಯಲ್ಲಿ ಮಾಡಿಸಬೇಕು. ಪೂಜೆಗೂ ಆ ಪ್ರತಿಯೇ ಸಾಕು. ಮೂಲಪಟವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ತೇವವೂ ಗೆದ್ದಲೂ ತಾಗದ ಕಪಾಟಿನಲ್ಲಿರಿಸುವುದು ಉಚಿತ.

ಇನ್ನೊಂದು ಕೆಲಸಕ್ಕೆ ಹಣ ಬೇಕಿಲ್ಲ. ಗ್ರೀನ್‌ಲಾನ ಹೆಸರೂ ವರ್ಷವೂ ತಿಳಿದಿರುವುದರಿಂದ ಅವನ ಚಿತ್ರ ಚರಿತ್ರೆಯಾಯಿತು. ಊರಿನ ಪಟಗಳಲ್ಲಿ ತೇರಿನ ಹಗ್ಗ ಹಿಡಿದು ನಿಂತವರು ಯಾರು, ಯಾವ ವರ್ಷದ ರಥೋತ್ಸವ ಎಂಬುದನ್ನು ಹೇಳಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರ ಬಳಿ ಕುಳಿತು ಕೇಳಿ, ಚಿತ್ರದ ಬೆನ್ನಿನ ಅಂಚಿನಲ್ಲಿ ಮೆದುವಾದ ಪೆನ್ಸಿಲಿನಿಂದ, ಒತ್ತದೆ, ಬರೆದಿಡಬಹುದು.