ಉಡುಪಿ ಸೀಮೆಯ ಆಸನಗಳು: ಹಾಸು, ಹೊದಿಕೆ ಮತ್ತು ಹವೆ

ನಾಡಿನ ಚರಿತ್ರೆಯನ್ನು ಶಾಸನ, ದೇವಾಲಯ, ರಾಜವಂಶಗಳ ಮೂಲಕ ಅರಿಯುವುದು ನಮ್ಮಲ್ಲಿ ರೂಢಿಯಾಗಿದೆ. ಜನರು ಯಾವುದರ ಮೇಲೆ ಕುಳಿತರು, ಆ ಆಸನಕ್ಕೆ ಯಾವ ಹಾಸನ್ನು ಆರಿಸಿಕೊಂಡರು ಎಂಬ ಪ್ರಶ್ನೆ ಅಲ್ಪವಾದುದೆಂದು ತೋರಬಹುದು. ಆದರೆ ಹವೆ, ಆಚಾರ, ಅಂತಸ್ತು, ವ್ಯಾಪಾರ ಇವು ನಾಲ್ಕೂ ಒಂದೆಡೆ ಕೂಡುವ ಸ್ಥಾನವಿದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಪ್ರದೇಶವನ್ನು ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ಸಂಕ್ಷೇಪವಾಗಿ ವಿವೇಚಿಸಲು ನಾವಿಲ್ಲಿ ಉದ್ದೇಶಿಸಿದ್ದೇವೆ.

ಈ ಸೀಮೆಯ ಹಳೆಯ ಮನೆಗಳಲ್ಲಿ ಮರದ ಮಣೆ, ತೂಗುಮಂಚ, ಬೆತ್ತ ಹೆಣೆದ ಕುರ್ಚಿ, ಮುಂಡೇವಿನ ಓಲೆಯ ಚಾಪೆ ಇವು ಕಾಣಸಿಗುತ್ತವೆ. ಅರಳೆ ತುಂಬಿ ಹೊಲಿದ ಮೆತ್ತನೆಯ ಆಸನ ವಿರಳ. ಇದಕ್ಕೆ ಬಡತನ ಕಾರಣವೆಂದೋ, ಸುಖಾಸನದ ಕಲ್ಪನೆಯೇ ನಮ್ಮವರಿಗಿರಲಿಲ್ಲವೆಂದೋ ಹೇಳಿಬಿಡುವುದು ಸುಲಭ. ಈ ಅಭಿಪ್ರಾಯ ಪರೀಕ್ಷೆಗೆ ನಿಲ್ಲಲಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಭೋಗಗಳನ್ನು ವರ್ಣಿಸುವಾಗ ಆಸನಕ್ಕೂ ಶಯ್ಯೆಗೂ ಪ್ರತ್ಯೇಕ ಸ್ಥಾನವಿತ್ತಿದೆ. ಕನ್ನಡನಾಡು ಮೆತ್ತೆಯನ್ನು ಅರಿತೇ ಇತ್ತು. ಕರಾವಳಿಯು ಅದನ್ನು ಏಕೆ ವಿಶೇಷವಾಗಿ ಬಯಸಲಿಲ್ಲ ಎಂಬುದೇ ನಿಜವಾದ ಪ್ರಶ್ನೆ.

ಮೊದಲ ಕಾರಣ ಹವೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನದು. ಆ ದಿನಗಳಲ್ಲಿ ಹತ್ತಿಯು ಗಾಳಿಯ ತೇವವನ್ನು ಹೀರಿ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕೋಣವೆಂದರೆ ಬಿಸಿಲೇ ಇಲ್ಲ. ಕಾಪುವಿನಂಥ ಕಡಲತಡಿಯಲ್ಲಿ ಉಪ್ಪುಗಾಳಿಯಿಂದ ಕಬ್ಬಿಣದ ಮೊಳೆಯೂ ಸ್ಪ್ರಿಂಗೂ ತುಕ್ಕು ಹಿಡಿಯುತ್ತವೆ. ಘಟ್ಟದ ಬುಡದ ಕಾರ್ಕಳದ ಕಡೆಗೆ ಮಳೆಯೇ ಹೆಚ್ಚು. ಬೆತ್ತದ ಹೆಣಿಗೆಯಲ್ಲಾದರೋ ಗಾಳಿಯಾಡುತ್ತದೆ. ಅಷ್ಟಮಿಯ ಮೂಡೆಗೆ ಬಳಸುವ ಮುಂಡೇವಿನ ಓಲೆಯಿಂದಲೇ ಹೆಣೆದ ಚಾಪೆಯನ್ನು ಒರಸಿ, ಸುತ್ತಿ, ಅಟ್ಟಕ್ಕೇರಿಸಬಹುದು.

ಎರಡನೆಯದು ಆಚಾರ. ಮಡಿಯ ಮನೆಗಳಲ್ಲಿ ಒಗೆಯಲಾಗದ ಹತ್ತಿಯ ಹಾಸಿಗೆ ಮೈಲಿಗೆಯದು. ತೊಳೆದು ಶುದ್ಧಿಮಾಡಬಹುದಾದ ಮಣೆ ಗ್ರಾಹ್ಯ. ಕೃಷ್ಣಾಜಿನದಂಥ ಅಪವಾದವನ್ನು ಬಿಟ್ಟರೆ ತೊಗಲಿನ ಆಸನಕ್ಕೂ ಅಲ್ಲಿ ಪ್ರವೇಶವಿರಲಿಲ್ಲ. ಕಾರ್ಕಳ ಸೀಮೆಯ ಜೈನರ ಅಹಿಂಸಾಧರ್ಮವೂ ತೊಗಲಿಗೆ ಪ್ರೋತ್ಸಾಹ ಕೊಡುವಂಥದಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆಚಾರದ ನಿಯಮವೂ ಹವೆಯ ನಿಯಮವೂ ಒಂದೇ ಕಡೆಗೆ ಬೆರಳು ತೋರುತ್ತವೆ: ತೊಳೆಯಬಲ್ಲದ್ದನ್ನು, ಒಣಗಬಲ್ಲದ್ದನ್ನು ಆರಿಸು. ಒಂದು ಇನ್ನೊಂದಕ್ಕೆ ಕಾರಣವೆಂದು ನಾವು ಸಾಧಿಸಹೊರಟಿಲ್ಲ. ಎರಡೂ ಪರಸ್ಪರ ಬಲ ಕೊಟ್ಟವೆಂದಷ್ಟೇ ನಮ್ಮ ಅಭಿಪ್ರಾಯ.

ಮೂರನೆಯದಾಗಿ ವ್ಯಾಪಾರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮುಂದೆ ಅಲ್ಲಿ ನೇಯ್ಗೆಯ ಉದ್ಯಮವನ್ನು ಸ್ಥಾಪಿಸಿದರು. ಪಾಶ್ಚಾತ್ಯ ಬಗೆಯ ಕುರ್ಚಿಯು ಕಚೇರಿ, ಬಂಗಲೆಗಳಿಂದ ಉಳ್ಳವರ ಚಾವಡಿಗೆ ಬಂದಾಗ ನೆಚ್ಚಿನದಾದುದು ಬೆತ್ತದ ಕುರ್ಚಿ ಮತ್ತು ಬಟ್ಟೆಯನ್ನು ಕಳಚಿ ಒಗೆಯಬಹುದಾದ ಆರಾಮಕುರ್ಚಿ. ಹೊಸ ರೂಪ ಬಂದರೂ ಹಳೆಯ ವಿವೇಕ ಅಳಿಯಲಿಲ್ಲ. ಈ ಸೀಮೆಯ ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದಾಗ ಅವರಿಗೆ ನೆರವಾಗುವ ಉದ್ದೇಶದಿಂದ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ ಇದೇ. ಮಗ್ಗದ ಪ್ರಶ್ನೆ ಈ ನಾಡಿಗೆ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

20ನೆಯ ಶತಮಾನದಲ್ಲಿ ರೆಕ್ಸಿನ್, ರಬ್ಬರು ಹಾಗೂ ಪಾಲಿಯುರಿಥೇನ್ ಫೋಮುಗಳು ಬಂದವು. ರೆಕ್ಸಿನನ್ನು ಒರಸಬಹುದು, ಆದರೆ ಸೆಕೆಗೆ ಅದು ಮೈಗಂಟುತ್ತದೆ. ಪಾಲಿಯುರಿಥೇನ್ ಲೇಪದ ಕೃತಕ ತೊಗಲು ಶಾಖ ಮತ್ತು ತೇವಗಳ ಸಂಯೋಗದಿಂದ ರಾಸಾಯನಿಕವಾಗಿ ಒಡೆದು, ಕೆಲವೇ ವರ್ಷಗಳಲ್ಲಿ ಸಿಪ್ಪೆಯೇಳುವುದುಂಟು. ಆದರೆ ಹೊಸತೆಲ್ಲ ತ್ಯಾಜ್ಯವೆನ್ನುವಂತಿಲ್ಲ: ಕೊಳೆತಕ್ಕೆ ಸುಲಭವಾಗಿ ಈಡಾಗದ ತೆಂಗಿನ ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ ಮಾಡಿದ ಹಾಸು ಇಲ್ಲಿಯ ಹವೆಗೆ ಒಗ್ಗುವಂಥದು.

ಇಷ್ಟಾದರೂ ಸಂಶೋಧಕನು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ ಮೊದಲಾದ ಮನೆಗಳನ್ನು ಬಿಚ್ಚಿ ತಂದು ಪುನಃ ನಿಲ್ಲಿಸಿದರು. ಇಂಥ ಮನೆಗಳಲ್ಲಿ ಮರವು ಶತಮಾನ ಕಳೆದರೂ ಉಳಿಯುತ್ತದೆ. ಬಟ್ಟೆ, ಅರಳೆ, ಓಲೆಗಳು ಉಳಿಯುವುದಿಲ್ಲ. ಉಳಿದಿಲ್ಲವೆಂದಮಾತ್ರಕ್ಕೆ ಇರಲೇ ಇಲ್ಲವೆಂದು ನಿರ್ಣಯಿಸುವುದು ಸರಿಯಲ್ಲ. ಈ ಕೊರತೆಯನ್ನು ತುಂಬಬಲ್ಲವರು ಬೆತ್ತ ಹೆಣೆಯುವವರು, ಹಾಸಿಗೆ ತುಂಬುವವರು, ಚಾಪೆ ನೇಯುವ ಹೆಂಗಸರು, ಮಗ್ಗದ ಹಿರಿಯರು. ಅವರ ಕೈಯ ಕ್ರಮವೂ ಬಾಯಿಯ ಮಾತೂ ನಮಗೆ ಶಾಸನಗಳಷ್ಟೇ ಪ್ರಮಾಣ. ಆದರೆ ಶಾಸನವು ನಾಳೆಯೂ ಇರುತ್ತದೆ. ಇವರ ತಿಳಿವಳಿಕೆ ಇವರೊಂದಿಗೇ ಹೋಗುತ್ತದೆ. ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರುಗಳಲ್ಲಿ ಈ ಪದಗಳನ್ನೂ ವಿಧಾನಗಳನ್ನೂ ಬರೆದಿಡಲು ಉದ್ಯುಕ್ತರಾಗಬೇಕೆಂಬುದೇ ಈ ಲೇಖನದ ಆಶಯ.